ಗೌಳಿವಾಡದಲ್ಲಿ ನನಗೆ ಬಂದ ಸೂತಕ

ಬೆಳಗಾವಿಯಲ್ಲಿ ನನಗೆ ಮನೆ ಸಿಕ್ಕಿದ್ದು ಒಂದು ವಿಚಿತ್ರ ಷರತ್ತಿನ ಮೇಲೆ. ಖಾನಾಪುರದ ಕಾಡಿನಿಂದ ಬಂದಾಗಲೆಲ್ಲ ನಾನು ಗೇಟಿನ ಹೊರಗೇ ನಿಲ್ಲಬೇಕು, ಜಡೆ ಬಿಚ್ಚಬೇಕು, ಕಾಲರು ಮಡಚಿ ತೋರಿಸಬೇಕು. ಮನೆಯ ಯಜಮಾನಿ ಮಾಲತಿ ಕಾಕು ಕನ್ನಡಕ ಏರಿಸಿಕೊಂಡು ಪರೀಕ್ಷಿಸಿ ಪಾಸು ಮಾಡಿದರೆ ಮಾತ್ರ ಒಳಗೆ ಪ್ರವೇಶ. ಟಿಳಕವಾಡಿಯ ಆ ಬೀದಿಯಲ್ಲಿ ಸಂಜೆ ತಿರುಗಾಡಲು ಹೊರಟವರೆಲ್ಲ ಈ ತಪಾಸಣೆಯನ್ನು ನೋಡಿಕೊಂಡೇ ಹೋಗುತ್ತಿದ್ದರು. ನಮ್ಮ ಕೊಳ್ಳೇಗಾಲದಲ್ಲಿ ಮನೆ ಬಾಡಿಗೆಗೆ ಕೊಡುವಾಗ ಜಾತಿ ಕೇಳುತ್ತಾರೆ, ಮೊಟ್ಟೆ ತಿನ್ನುತ್ತೀರಾ ಎಂದು ಕೇಳುತ್ತಾರೆ. ಮೈಮೇಲೆ ಉಣ್ಣೆ ಇದೆಯಾ ಎಂದು ಕೇಳಿಸಿಕೊಂಡದ್ದು ಇಲ್ಲೇ ಮೊದಲು.

"ತಪ್ಪ ತಿಳ್ಕೋಬ್ಯಾಡ್ರಿ," ಎಂದರು ಕಾಕು. ಇಲ್ಲಿ ಕಾಕು ಎಂದರೆ ಚಿಕ್ಕಮ್ಮ. ಮರಾಠಿಯಿಂದ ಬಂದು ಕನ್ನಡದ ಮನೆಗಳಲ್ಲೂ ನೆಲೆನಿಂತ ಮಾತು. "ಮನ್ಯಾಗ ಸಣ್ಣ ಮೊಮ್ಮಗಾ ಇದ್ದಾನ. ನಿಮ್ಮ ಉದ್ಯೋಗನ ಹಂತಾದ್ದು ಅದ."

ಅವರು ಹೇಳಿದ್ದು ಸುಳ್ಳಲ್ಲ. ನನ್ನ ಕೆಲಸ ಉಣ್ಣೆ ಹಿಡಿಯುವುದು. ದನದ ಕಿವಿಯಲ್ಲಿ ಕಡಲೆಕಾಳಿನಂತೆ ಊದಿಕೊಂಡಿರುತ್ತದಲ್ಲ, ಅದೇ ಉಣ್ಣೆ. ನಾನು ಹುಡುಕುವುದು ಅದರ ಮರಿಗಳನ್ನು. ಎಳ್ಳಿಗಿಂತ ಚಿಕ್ಕವು, ಕಚ್ಚಿದರೂ ಗೊತ್ತಾಗುವುದಿಲ್ಲ. ದಪ್ಪನೆಯ ಬಿಳಿ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ ಕಾಡಿನ ತರಗೆಲೆಯ ಮೇಲೆ ಎಳೆದುಕೊಂಡು ಹೋಗುತ್ತೇನೆ, ಹತ್ತಿಕೊಂಡವನ್ನು ಚಿಮಟದಿಂದ ಆಯ್ದು ಸೀಸೆಗೆ ಹಾಕುತ್ತೇನೆ. ಅವುಗಳಲ್ಲಿ ಯಾವ ರೋಗಾಣು ಇದೆ ಎಂಬುದನ್ನು ಪ್ರಯೋಗಾಲಯದವರು ನೋಡುತ್ತಾರೆ. ಓದುವಾಗ ನಮಗೆ ಮೊದಲು ಕಲಿಸಿದ್ದು ಅಮೆರಿಕದ ಲೈಮ್ ಕಾಯಿಲೆಯ ಬಗ್ಗೆ. ಅದೂ ಉಣ್ಣೆಯಿಂದಲೇ ಬರುವುದು. ಕಚ್ಚಿದ ಕಡೆ ಹಲವರಿಗೆ ಕೆಂಪು ಬಳೆಯಂಥ ಗುರುತು ಏಳುತ್ತದೆ. ಬೇಗ ಗುರುತಿಸಿದರೆ ಮಾತ್ರೆಗೆ ಬಗ್ಗುತ್ತದೆ. ಖಾನಾಪುರದ ಕಾಡಂಚಿನಲ್ಲಿ ನಮಗೆ ಹೆದರಿಕೆ ಮಂಗನ ಕಾಯಿಲೆಯದು. ಅದು ಬಳೆ ಬರೆದು ಎಚ್ಚರಿಸುವುದಿಲ್ಲ. ಅದನ್ನು ಕೊಲ್ಲುವ ಔಷಧಿಯೂ ಇಲ್ಲ. ಜ್ವರ ಬಂದರೆ ಆಸ್ಪತ್ರೆಯಲ್ಲಿ ಮಲಗಿಸಿ, ದೇಹ ತಾನೇ ಗೆಲ್ಲುವವರೆಗೆ ಕಾವಲು ಕೂರಬೇಕು.

ವಾರದಲ್ಲಿ ಮೂರ್ನಾಲ್ಕು ದಿನ ನಾನು ಖಾನಾಪುರದ ಆಚೆಯ ಒಂದು ಗೌಳಿವಾಡದಲ್ಲಿ ಇರುತ್ತಿದ್ದೆ. ಎಮ್ಮೆ ಸಾಕುವ ಗೌಳಿಗರ ಹತ್ತಿಪ್ಪತ್ತು ಮನೆಗಳ ಕೇರಿ ಅದು. ಮನೆಯೊಳಗೆ ಮರಾಠಿ, ನನ್ನಂಥವರೊಡನೆ ಕನ್ನಡ. ನಾನು ಬಟ್ಟೆ ಎಳೆಯುವುದನ್ನು ಮೊದಲ ದಿನ ನೋಡಿದ ಹೆಂಗಸರು, "ಅಡವಿ ವರಸಾಕ ಬಂದಾಳ ನೋಡ್ರವ್ವಾ," ಎಂದು ಸೆರಗು ಬಾಯಿಗಿಟ್ಟು ನಕ್ಕರು. ನನಗೆ ಕೋಪ ಮೂಗಿನ ತುದಿಯಲ್ಲಿ. ಬಟ್ಟೆ ಸುತ್ತಿಕೊಂಡು ಹೊರಟುಬಿಟ್ಟಿದ್ದೆ. ಆದರೆ ಭಾಗೂಬಾಯಿ ನಗಲಿಲ್ಲ. ಅರವತ್ತು ದಾಟಿದ, ಎತ್ತರದ ಹೆಂಗಸು; ಗಂಡ ಇಲ್ಲ, ಮಗ ಬಾಬು ಬೆಳಗಾವಿಯ ಫೌಂಡ್ರಿಯೊಂದರಲ್ಲಿ ಕೆಲಸಕ್ಕಿದ್ದು ರವಿವಾರ ಬರುತ್ತಿದ್ದ. ನಾನು ಇಳಿದುಕೊಂಡಿದ್ದು ಅವಳ ಮನೆಯ ಪಡಸಾಲೆಯಲ್ಲೇ. ಅವಳು ನನ್ನನ್ನು ಪೋರಿ ಎಂದು ಕರೆಯುತ್ತಿದ್ದಳು. ಪೋರಿ ಎಂದರೆ ಹುಡುಗಿ. ನಲವತ್ತರ ಹತ್ತಿರ ಬಂದವಳನ್ನು ಹಾಗೆ ಕರೆಯಲು ಅಲ್ಲಿ ಬೇರೆ ಯಾರೂ ಇರಲಿಲ್ಲ.

ಮುದ್ದೆ ಉಂಡು ಬೆಳೆದ ನನಗೆ ಭಾಕ್ರಿ ಒಗ್ಗಲು ಬಹಳ ಕಾಲ ಹಿಡಿಯಿತು. ಮುದ್ದೆಯನ್ನು ನುಂಗುತ್ತೇವೆ, ಜೋಳದ ಭಾಕ್ರಿಯನ್ನು ಅಗಿಯಲೇಬೇಕು. ಮೊದಲ ವಾರ ದವಡೆ ನೋಯುತ್ತಿತ್ತು. ಅದಕ್ಕಿಂತ ಹೆಚ್ಚು ನೋಯುತ್ತಿದ್ದುದು ಸಂಜೆಗಳು. ಎಮ್ಮೆಗಳು ಒಳಗೆ ಬಂದು, ಎಲ್ಲರೂ ಮರಾಠಿಗೆ ತಿರುಗಿದ ಮೇಲೆ ನಾನು ಗೋಡೆಗೆ ಒರಗಿ ಕೂತಿರುತ್ತಿದ್ದೆ, ಯಾರ ಮಾತಿಗೂ ಸೇರದೆ. ಆಗ ಭಾಗೂಬಾಯಿ ಒಂದು ಲೋಟ ತಾಕ ತಂದಿಡುತ್ತಿದ್ದಳು. ತಾಕ ಎಂದರೆ ಮಜ್ಜಿಗೆ. ಆ ಮಜ್ಜಿಗೆ ಇಲ್ಲದಿದ್ದರೆ ನಾನು ಮೊದಲ ತಿಂಗಳಲ್ಲೇ ಗಂಟುಮೂಟೆ ಕಟ್ಟುತ್ತಿದ್ದೆ ಎಂದು ಈಗಲೂ ಅನ್ನಿಸುತ್ತದೆ.

ಬೇಸಿಗೆ ಏರುತ್ತಿದ್ದ ಒಂದು ರವಿವಾರ ಬೆಳಿಗ್ಗೆ ಕಾಡಿನಿಂದ ವಾಪಸು ಬರುವಾಗ ಕೇರಿಯಿಂದ ತಾಳದ ಸದ್ದು ಕೇಳಿಸಿತು. ಭಾಗೂಬಾಯಿಯ ಅಂಗಳದ ತುಂಬ ಜನ. ನಡುವೆ ಕುರ್ಚಿಯ ಮೇಲೆ ಒಂದು ಸತ್ತ ಮುಸುವ, ಕಪ್ಪು ಮುಖದ ದೊಡ್ಡ ಮಂಗ. ಬೀಳದಂತೆ ಪಂಚೆಯಿಂದ ಕಟ್ಟಿದ್ದರು, ಕೊರಳಿಗೆ ಚೆಂಡುಹೂವಿನ ಹಾರ. ಮಂಗ ಸತ್ತರೆ ಮಣ್ಣು ಮಾಡಿ ಹೂವಿಡುವುದು ನಮ್ಮ ಕಡೆಯೂ ಉಂಟು. ಅದರಿಂದ ನನಗೆ ಆಶ್ಚರ್ಯವಾಗಲಿಲ್ಲ. ನಾನು ಹೆದರಿದ್ದು ಬೇರೆ ಕಾರಣಕ್ಕೆ. ಭಾಗೂಬಾಯಿ ಅದರ ಮೈಗೆ ಬರಿಗೈಯಲ್ಲಿ ಅರಿಶಿನ ತಿಕ್ಕುತ್ತಿದ್ದಳು. ಬಾಬು ಅದನ್ನು ಎತ್ತಲು ಅಂಗಿ ತೆಗೆದು ನಿಂತಿದ್ದ.

ಮಂಗನ ಕಾಯಿಲೆ ಬಂದ ಕಡೆ ಮಂಗ ಮೊದಲು ಸಾಯುತ್ತದೆ. ಅದರ ಮೈ ತಣ್ಣಗಾದಂತೆ ಉಣ್ಣೆಗಳು ಇಳಿದು ಬೇರೆ ಬಿಸಿ ಮೈ ಹುಡುಕುತ್ತವೆ. ಆ ಅಂಗಳದಲ್ಲಿ ಎಳೆಮಕ್ಕಳಿಂದ ಮುದುಕರವರೆಗೆ ಎಲ್ಲರೂ ಬರಿಗಾಲಿನಲ್ಲಿದ್ದರು.

"ಮುಟ್ಟಬೇಡಿ! ಎಲ್ಲರೂ ದೂರ ಹೋಗಿ! ಅದನ್ನ ಸುಡಬೇಕು," ಎಂದು ಕಿರುಚಿಬಿಟ್ಟೆ.

ತಾಳ ನಿಂತಿತು. ಕೇರಿಯ ಹಿರಿಯ ಧೋಂಡಿಬಾ ನನ್ನತ್ತ ತಿರುಗಿದರು. "ಏನಂದ್ರಿ? ಮಾರುತಿರಾಯನ್ನ ಸುಡೂದು? ಸತ್ತ ದನಾ ಏನ್ ಇದು?"

ಹಿಂದಿನಿಂದ ಯಾರೋ ಮರಾಠಿಯಲ್ಲಿ ಬೈದರು. ಬೈಗುಳ ತಿಳಿಯುವಷ್ಟು ಮರಾಠಿ ಆಗಲೇ ಬಂದಿತ್ತು. ನಾನು ವೈರಸ್ಸಿನ ಬಗ್ಗೆ, ಉಣ್ಣೆಯ ಬಗ್ಗೆ ಹೇಳತೊಡಗಿದೆ. ಯಾರೂ ಕೇಳಲಿಲ್ಲ. ಇಬ್ಬರು ನನ್ನ ದಾರಿಗೆ ಅಡ್ಡ ನಿಂತರು. ನಮ್ಮ ತಂಡದ ಪಶುವೈದ್ಯರಿಗೆ ಫೋನು ಮಾಡಿದೆ. "ಜೀಪು ಇನ್ನೂ ಖಾನಾಪುರ ಬಿಡಬೇಕಷ್ಟೆ, ನಾನು ಬರುವವರೆಗೆ ತಡೆಯಿರಿ," ಎಂದರು. ತಡೆಯುವುದು ಹೇಗೆ? ಬಾಬು ಆಗಲೇ ಬಗ್ಗಿದ್ದ.

"ಬಾಬು, ನೀನೇ ಯಾಕೆ ಎತ್ತಬೇಕು?" ಎಂದೆ, ಬೇರೇನೂ ತೋಚದೆ.

ಉತ್ತರ ಕೊಟ್ಟದ್ದು ಧೋಂಡಿಬಾ. "ಯಾರ ಅಂಗಳದಾಗ ಮಾರುತಿ ಬಿದ್ದಾನೋ, ಆ ಮನಿ ಮಕ್ಕಳಽ ಅವಂಗೂ ಮಕ್ಕಳು. ಎತ್ತೂದು, ನೀರ ಬಿಡೂದು, ಸೂತಕಾ ಹಿಡಿಯೂದು, ಎಲ್ಲಾ ಅವರದಽ. ಅವರ ಹೇಳಿದಂಗ ಆಗಬೇಕು, ಬ್ಯಾರೇದವರಿಗೆ ಮಾತಿಲ್ಲ."

ನನ್ನ ತಲೆಯಲ್ಲಿ ಆ ಕೊನೆಯ ಮಾತು ಕೂತಿತು. ಭಾಗೂಬಾಯಿಯನ್ನು ನೋಡಿ ಕೇಳಿದೆ: "ಅವ್ವಾ, ಈ ಮನೇಲಿ ನಾನು ಯಾರು?"

ಅವಳ ಕೈ ಮೊಣಕೈವರೆಗೂ ಅರಿಶಿನವಾಗಿತ್ತು. ನನ್ನ ಮುಖ ನೋಡಿದಳು. ನನಗೆ ಹುಚ್ಚು ಹಿಡಿದಿಲ್ಲ, ಹೆದರಿಕೆ ಹಿಡಿದಿದೆ ಎಂದು ಅವಳಿಗೆ ಗೊತ್ತಾಗಿರಬೇಕು.

"ಮೂರ ತಿಂಗಳಾತು, ನನ್ನ ಒಲಿ ಮುಂದ ಉಣ್ಣಾಕತ್ತೀ. ಮಗಳಲ್ಲದ ಮತ್ತ್ಯಾರು?" ಎಂದಳು. ಆಮೇಲೆ ಜನರ ಕಡೆ ತಿರುಗಿ, "ಬಾಬೂ, ನೀ ಸರಿ ಬಾಜೂಕ. ಪೋರಿ ಮಾಡತಾಳ."

ಗುಜುಗುಜು ಎದ್ದಿತು. ಹೆಣ್ಣುಮಗಳು, ಅದೂ ಪರವೂರಿನವಳು. ಧೋಂಡಿಬಾ ಕೈಯೆತ್ತಿ ಸುಮ್ಮನಾಗಿಸಿ ನನ್ನ ಕಡೆ ತಿರುಗಿದರು. "ಮಾಡಲಿ. ಆದ್ರ ಬಾಯಿ, ನೀರ ಬಿಟ್ಟವರಿಗೆ ಸೂತಕಾ ತಪ್ಪೂದಿಲ್ಲ. ಹದಿಮೂರ ದಿನಾ. ಚ್ಯಾಷ್ಟಿ ಅಲ್ಲ ಇದು. ಖರೇನ ಹಿಡೀತಿ?"

"ಹಿಡೀತೀನಿ."

ಬಿಳಿ ಸುರಕ್ಷಾ ಉಡುಪು, ಎರಡು ಜೊತೆ ಕೈಗವಸು ತೊಟ್ಟು ಬಂದೆ. ಮನೆಯವಳಾದ್ದರಿಂದ ಈಗ ನನ್ನ ಮಾತು ನಡೆಯುತ್ತಿತ್ತು. ಎಲ್ಲರೂ ಬೇಲಿಯ ಆಚೆ ಹೋಗಬೇಕೆಂದೆ, ಹೋದರು. ಕುರ್ಚಿಯ ಸುತ್ತ ಉಣ್ಣೆ ಕೊಲ್ಲುವ ಪುಡಿ ಸುರಿದೆ. ಪಶುವೈದ್ಯರು ಬಂದು ಮಾದರಿ ತೆಗೆಯಲು ಅನುಮತಿ ಕೇಳಿದಾಗ ಧೋಂಡಿಬಾ ನನ್ನ ಕಡೆ ಕೈ ತೋರಿಸಿ, "ಮಗಳನ್ನ ಕೇಳ್ರಿ," ಎಂದರು. ನಾನು ತಲೆಯಾಡಿಸಿದೆ. ಮಣ್ಣು ಬೇಡ, ಬೆಂಕಿ ಎಂದೆ. ಅದಕ್ಕೂ ಯಾರೂ ತಕರಾರು ಮಾಡಲಿಲ್ಲ. ಕೇರಿಯಿಂದ ದೂರದ ಬಯಲಿನಲ್ಲಿ ಆ ಮುಸುವನಿಗೆ ನೀರು ಬಿಟ್ಟು ಕೊಳ್ಳಿ ಇಟ್ಟವಳು ನಾನು. ಮುಖಗವಸಿನೊಳಗೆ ಅಳು ಬಂತು, ಯಾಕೆಂದು ಗೊತ್ತಾಗಲಿಲ್ಲ. ಬಾಬು ಅದನ್ನು ಮುಟ್ಟಿರಲಿಲ್ಲ. ಭಾಗೂಬಾಯಿ ಮುಟ್ಟಿದ್ದಳು.

ಅದನ್ನು ಕುರ್ಚಿಗೆ ಕಟ್ಟಿದವರಿಗೆಲ್ಲ ಸ್ನಾನ ಮಾಡಿ ಮೈ ಹುಡುಕಿಕೊಳ್ಳಲು ಹೇಳಿದೆ. ಭಾಗೂಬಾಯಿಗೆ ನಾನೇ ಸೋಪು ಹಚ್ಚಿ ಸ್ನಾನ ಮಾಡಿಸಿ, ಸೀರೆ ಬಿಸಿನೀರಿಗೆ ಹಾಕಿಸಿ, ಮೈ ಪೂರ್ತಿ ಹುಡುಕಿದೆ. ಕಿವಿಯ ಹಿಂದೆ ಒಂದು ಸಿಕ್ಕಿತು. ಎಳ್ಳಿಗಿಂತ ಚಿಕ್ಕದು, ಆಗಲೇ ಕಚ್ಚಿಕೊಂಡಿತ್ತು. ಚಿಮಟದಿಂದ ಎಳೆದು ಸೀಸೆಗೆ ಹಾಕಿದೆ.

ಆಮೇಲೆ ಕಾಯುವುದು. ಜ್ವರ ಬರುವುದಾದರೆ ಒಂದು ವಾರದೊಳಗೆ ಬರುತ್ತದೆ. ಬೆಳಿಗ್ಗೆ ಸಂಜೆ ಅವಳ ಹಣೆ ಮುಟ್ಟುತ್ತಿದ್ದೆ, ಆಮೇಲೆ ನನ್ನ ಹಣೆ. ನಡುವೆ ಒಮ್ಮೆ ಬೆಳಗಾವಿಗೆ ಬಂದಾಗ ಕಾಕೂಗೆ ಸೂತಕದ ಸಂಗತಿ ಹೇಳಿದೆ, ನಗುತ್ತಾರೆ ಅಂದುಕೊಂಡು. ಅವರು ನಗಲಿಲ್ಲ. "ಸೂತಕಾ ಅಂದ್ರ ಸೂತಕಾ. ದೇವರ ಮನಿ ಕಡೆ ಬರಬ್ಯಾಡ್ರಿ, ಊಟಾ ನಾ ಮ್ಯಾಲೆ ತಂದ ಕೊಡತೀನಿ," ಎಂದರು. ನಕ್ಕದ್ದು ನಮ್ಮಮ್ಮ ಒಬ್ಬಳೇ, ಫೋನಿನಲ್ಲಿ. ಮೊದಲು ನಕ್ಕಳು, ಆಮೇಲೆ ರೇಗಿದಳು.

"ಮಂಗ ಸತ್ತಿದ್ದಕ್ಕೆ ಸೂತಕವಾ? ತಲೆ ನೆಟ್ಟಗಿದೆಯೇನೇ? ತಮ್ಮನ ಮದುವೇಲಿ ಕಳಶ ಹಿಡಿಯೋಳು ನೀನು. ಇದನ್ನ ಯಾರ ಹತ್ತಿರಾನೂ ಬಾಯಿ ಬಿಡಬೇಡ."

ತಮ್ಮನ ಮದುವೆ ಸೂತಕ ಕಳೆಯುವ ಮುಂಚಿನ ದಿನವೇ ಇತ್ತು. ಮದುಮಗನ ಹಿಂದೆ ಕಳಶ ಹಿಡಿದು ನಡೆಯುವುದು ನಮ್ಮಲ್ಲಿ ಅಕ್ಕನ ಹಕ್ಕು. ಅದಕ್ಕಾಗಿ ನಾನು ಸೀರೆಯನ್ನೂ ಕೊಂಡಿಟ್ಟಿದ್ದೆ.

ಮುಸುವನ ವರದಿ ಬಂತು: ಅದೇ ಕಾಯಿಲೆ. ಮಾರನೆಯ ಸಂಜೆ ಎಮ್ಮೆ ಹಿಂಡುತ್ತಿದ್ದ ಭಾಗೂಬಾಯಿ ಚರಿಗೆ ಕೆಳಗಿಟ್ಟು, "ಸೊಂಟಾ ಮುರದಂಗ ಆಗೇತಿ, ಪೋರಿ," ಎಂದಳು. ಹಣೆ ಕಾದ ಹಂಚಿನಂತಿತ್ತು.

ಬೆಳಗಾವಿಯ ಆಸ್ಪತ್ರೆಯ ಆ ದಿನಗಳನ್ನು ನಾನು ಮರೆಯಲಾರೆ. ಕಣ್ಣು ಕೆಂಡವಾಗಿದ್ದವು, ವಸಡಿನಿಂದ ರಕ್ತ ಜಿನುಗುತ್ತಿತ್ತು, ಪ್ಲೇಟ್‌ಲೆಟ್ಟು ದಿನವೂ ಇಳಿಯುತ್ತಿತ್ತು. ಬಾಬು ರಜೆ ಹಾಕಿ ಹಾಸಿಗೆಯ ಒಂದು ಬದಿ ಕೂತ, ನಾನು ಇನ್ನೊಂದು ಬದಿ. ಅವನು ನನಗೆ ಒಮ್ಮೆ ಹೇಳಿದ: "ಅಕ್ಕಾ, ನೀವು ತಡೀಲಿಲ್ಲಂದ್ರ ಈ ಹಾಸಿಗಿ ಮ್ಯಾಲೆ ನಾನೂ ಇರತಿದ್ನಿ." ನನಗೆ ಅದರಿಂದ ಸಮಾಧಾನವಾಗಲಿಲ್ಲ. ಅರ್ಧ ಗಂಟೆ ಮೊದಲು ಬಂದಿದ್ದರೆ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು. ಕಾಕು ದಿನವೂ ಮೆತ್ತಗಿನ ಅನ್ನ ಕಳಿಸುತ್ತಿದ್ದರು, ತಾವು ನೋಡದ ಒಬ್ಬ ಗೌಳಿ ಹೆಂಗಸಿಗೆ. ಅಮ್ಮ ಫೋನು ಮಾಡಿದಾಗಲೆಲ್ಲ ನಾನು ಭಾಗೂಬಾಯಿಯ ಮಾತನ್ನೇ ಆಡುತ್ತಿದ್ದೆ.

ಮದುವೆಗೆ ಹೊರಡಬೇಕಾದ ದಿನ ಜ್ವರ ಸ್ವಲ್ಪ ಇಳಿದಿತ್ತು. ಡಾಕ್ಟರು ಮಾತ್ರ ಇನ್ನೂ ಏನೂ ಹೇಳುವಂತಿಲ್ಲ ಎಂದರು. ನಾನು ಹೋಗುವುದಿಲ್ಲ ಎಂದೆ. ಭಾಗೂಬಾಯಿ ಕಣ್ಣು ತೆರೆಯದೆಯೇ ಮಾತಾಡಿದಳು.

"ಹೋಗು. ತಮ್ಮನ ಲಗ್ನಾ ಬಿಡಬ್ಯಾಡ. ದೂರ ನಿಂತು ಅಕ್ಕಿಕಾಳ ಹಾಕಿ ಬಾ. ನಾ ಎಲ್ಲಿ ಹೊಕ್ಕೀನಿ?"

ಕೊಳ್ಳೇಗಾಲದ ಛತ್ರಕ್ಕೆ ನಾನು ತಲುಪಿದ್ದು ಮುಹೂರ್ತದ ಬೆಳಿಗ್ಗೆ. ವಾಲಗ, ಉಪ್ಪಿಟ್ಟಿನ ವಾಸನೆ, ಎಲ್ಲರ ಬಾಯಲ್ಲೂ ನಾನು ಹುಟ್ಟಿ ಬೆಳೆದ ಕನ್ನಡ. ಹಾಯೆನಿಸಬೇಕಿತ್ತು. ನಾನು ಫೋನನ್ನೇ ನೋಡುತ್ತಿದ್ದೆ. ಅಮ್ಮ ಕಳಶ ತಂದಳು. ಸೀರೆ ಸರಿಮಾಡಿಕೊಂಡು ಕೈ ಚಾಚಿದೆ. ಅವಳು ಒಂದು ಗಳಿಗೆ ನಿಂತು, ನನ್ನ ಮುಖ ನೋಡಿ, ನನ್ನನ್ನು ದಾಟಿ ಹೋಗಿ ಕಳಶವನ್ನು ಚಿಕ್ಕಪ್ಪನ ಮಗಳ ಕೈಗಿತ್ತಳು.

ನನಗೆ ಮೈಯೆಲ್ಲ ಉರಿಯಿತು. ಬಾಯಿ ಬಿಡಬೇಡ ಎಂದವಳೇ ಇವಳು! ಕಂಬದ ಪಕ್ಕ ಸರಿದು ನಿಂತೆ. ಅಷ್ಟರಲ್ಲಿ ಬಾಬುವಿನ ಫೋನು. ವಾಲಗದ ಗದ್ದಲದಲ್ಲಿ ಮೊದಲು ಅವನ ಅಳು ಕೇಳಿಸಿತು.

"ಅಕ್ಕಾ, ಪ್ಲೇಟ್‌ಲೆಟ್ ಏರ್ಯಾವಂತ. ಅವ್ವ ಎದ್ದ ಕುಂತಾಳ, ಭಾಕ್ರಿ ಕೇಳಾಕತ್ತಾಳ."

ಜ್ವರ ಮತ್ತೊಮ್ಮೆ ಮರುಕಳಿಸಬಹುದು, ಈ ಕಾಯಿಲೆಯಲ್ಲಿ ಅದೂ ಉಂಟು. ಆದರೂ ಆ ಹೊತ್ತಿಗೆ ಅದು ಸಾಕಾಗಿತ್ತು. ಕುಣಿಯಬೇಕೆನ್ನಿಸಿತು. ಯಾರಿಗೆ ಹೇಳಲಿ? ಅಷ್ಟು ದೊಡ್ಡ ಛತ್ರದಲ್ಲಿ ಭಾಗೂಬಾಯಿಯನ್ನು ಕಂಡವರು ಒಬ್ಬರೂ ಇರಲಿಲ್ಲ. ಕಣ್ಣೊರೆಸಿಕೊಂಡು ತಿರುಗಿದರೆ ಅಮ್ಮ ಹತ್ತಿರವೇ ನಿಂತಿದ್ದಳು.

"ಹೇಗಿದ್ದಾರಂತೆ ಅವರು?" ಎಂದು ಕೇಳಿದಳು.

"ಎದ್ದು ಕೂತಿದ್ದಾರಂತೆ, ಅಮ್ಮಾ."

ಅಮ್ಮ ಹುಂ ಎಂದಳು. ಅಷ್ಟರಲ್ಲಿ ಸೋದರತ್ತೆ ಕಳಶದ ಕಡೆ ಬೆರಳು ಮಾಡಿ ದೊಡ್ಡ ದನಿಯಲ್ಲಿ ಕೇಳಿದರು: "ಇದೇನೇ ಇದು, ಒಡಹುಟ್ಟಿದ ಅಕ್ಕನನ್ನ ಇಲ್ಲಿ ನಿಲ್ಲಿಸಿಬಿಟ್ಟು ಆ ಹುಡುಗಿ ಕೈಗೆ ಕೊಟ್ಟಿದ್ದೀಯ?"

ನಾನು ಏನೋ ಹೇಳಲು ಹೊರಟೆ. ಅಮ್ಮ ನನ್ನ ಕೈ ಅದುಮಿ ತಡೆದಳು.

"ಅವಳು ಹಿಡಿಯೋ ಹಾಗಿಲ್ಲ, ಅತ್ತಿಗೆ," ಎಂದಳು. "ಅವಳ ಮನೇಲಿ ಸೂತಕ."