ಹಿಡಿಯಿಲ್ಲದ ಗೆರೆ

ಭದ್ರಾವತಿಗೆ ಬಂದ ಮೊದಲ ವಾರ. ಕಾಲೇಜಿನಲ್ಲಿ ಪಾಠ ಹೇಳಿ ಬಂದರೆ ಮನೆ ಓನರು ಜಗಲಿಯ ಮೇಲೆ ಕೂತು ನನ್ನ ಪಾರ್ಸೆಲ್ ಒಡೆದು ಓದುತ್ತಿದ್ದರು! ನಮ್ಮ ಧಾರವಾಡದಲ್ಲಾಗಿದ್ದರೆ ಜಗಳವೇ ಆಗುತ್ತಿತ್ತು.

"ಇದೇನಮ್ಮ, ಬರೀ ಬಾಣದ ಗುರುತು?" ಎಂದರು. ನಿವೃತ್ತ ಸಂಸ್ಕೃತ ಮೇಷ್ಟ್ರು. ಒಂಟಿ ಹೆಂಗಸು, ಎಲ್ಲಿಂದಲೋ ಬರುವ ಜೆರಾಕ್ಸ್ ಕಟ್ಟು. ಓಲ್ಡ್ ಟೌನಿನವರಿಗೆ ಅನುಮಾನಪಡಲು ಅಷ್ಟು ಸಾಕು. ನಮ್ಮಲ್ಲಿ ಹೊಸಬರನ್ನು "ಊಟ ಆತೇನ್ರೀ?" ಎಂದು ಕೇಳುತ್ತಾರೆ. ಇಲ್ಲಿ "ಯಾವ ಕಡೆಯೋರು?" ಎನ್ನುತ್ತಾರೆ, ಹೇಳಿದರೂ ನಂಬಿದ ಹಾಗೆ ಕಾಣುವುದಿಲ್ಲ. ನಾನೂ ಅಂದಿನಿಂದ ಪೆಟ್ಟಿಗೆಗೆ ಬೀಗ ಹಾಕತೊಡಗಿದೆ.

ಜೆರಾಕ್ಸಿನಲ್ಲಿದ್ದದ್ದು ಜ್ಯಾಮಿತೀಯ ನಿರೂಪಣಾ ಸಿದ್ಧಾಂತ, ಅಂದರೆ ಸಮ್ಮಿತಿಗಳನ್ನು ಆಕಾರಗಳ ಮೂಲಕ ಅರಿಯುವ ಗಣಿತ. ಅದನ್ನು ಕಲಿತು ಮುಂಬಯಿಯ ಬೇಸಿಗೆ ಶಿಬಿರದಲ್ಲಿ ಹಲಗೆಯ ಮುಂದೆ ನಿಂತು ವಿವರಿಸಬೇಕಿತ್ತು. ಗೆದ್ದರೆ ಸಂಶೋಧನೆಗೆ ಅವಕಾಶ, ಇಲ್ಲವಾದರೆ ಜೀವನವಿಡೀ ಬಿಎಸ್ಸಿ ಪಾಠ. ಆದರೆ ಓದುವುದು ಯಾವುದನ್ನು? ಶಿವಮೊಗ್ಗದ ಸವಳಂಗ ರಸ್ತೆಯ ಅಂಗಡಿಗಳಲ್ಲಿ ಗೈಡು ಬಿಟ್ಟರೆ ಬೇರೇನೂ ಸಿಗಲಿಲ್ಲ. ಗೆಳತಿ ಜೆರಾಕ್ಸ್ ಮಾಡಿಸಿ ಕಳಿಸಿದ ಪುಸ್ತಕಗಳೋ, ಒಂದೊಂದೂ "ಓದುಗರಿಗೆ ಇದು ಗೊತ್ತಿರುವುದೇ" ಎಂದು ಇನ್ನೊಂದರ ಕಡೆ ಕೈ ತೋರಿಸುತ್ತಿದ್ದವು, ಥೇಟ್ ಸರ್ಕಾರಿ ಕಚೇರಿಯ ಟೇಬಲ್ಲುಗಳ ಹಾಗೆ. ಬರೆದವರಿಗಾದರೂ ಗೊತ್ತಿದೆಯೋ ಎಂದು ನನಗೆ ಗುಮಾನಿ.

"ಪಾಠ ಯಾರ ಹತ್ರ?" ಒಂದು ದಿನ ಮೇಷ್ಟ್ರು ಕೇಳಿದರು.

"ಯಾರೂ ಇಲ್ರೀ."

"ಕೇಳೋರಿಲ್ದೆ ಓದಿದ್ರೆ ಅದು ಪಾಠ ಅಲ್ಲ ಮಾರಾಯ್ತಿ. ಸಂಜೆ ಇಲ್ಲಿ ಕೂತು ಓದು, ನಾನು ಕೇಳ್ತೀನಿ."

ಅವರ ಮನೆತನದ ರೂಢಿ ಅದು: ಒಬ್ಬರು ಓದಬೇಕು, ಎದುರಿನವರು ಒಪ್ಪುವ ತನಕ ಮುಂದಿನ ಸಾಲಿಗೆ ಹೋಗಬಾರದು. ಇದೂ ನನ್ನ ಮೇಲಿನ ಪತ್ತೇದಾರಿಕೆಯೇ ಎಂದುಕೊಂಡು ಕೂತೆ.

"ಸಮತಲದಲ್ಲಿ ಒಂದು ಬಿಂದುವಿನ ಮೂಲಕ ಹಾಯುವ ಗೆರೆಗಳೆಲ್ಲ ಸೇರಿ ಒಂದು ವೃತ್ತ," ಎಂದು ಅರ್ಥ ಹೇಳಿದೆ.

"ಹೇಗೆ?"

ಆ ಸಾಲನ್ನು ಇಷ್ಟು ದಿನ ಹಾರಿಸಿಕೊಂಡೇ ಓದಿದ್ದೆ. ಕೊನೆಗೆ ಅವರ ಊರುಗೋಲನ್ನು ನೆಲದ ಮೇಲಿಟ್ಟು ತಿರುಗಿಸಿದೆ. "ಅರ್ಧ ಸುತ್ತಿಗೇ ಮೊದಲಿನ ಗೆರೆ ಬಂತು ನೋಡ್ರೀ. ಹೊಂಟಲ್ಲಿಗೇ ಬಂದ್ರ ವೃತ್ತ."

"ಸುಳ್ಳು. ಹಿಡಿ ಆ ಕಡೆ ಹೋಯ್ತಲ್ಲ?"

"ಹಿಡಿ ಕೋಲಿಗೈತ್ರೀ, ಗೆರೆಗಿಲ್ಲ."

"ಮತ್ತೆ ಅದನ್ನ ಪುಸ್ತಕದಲ್ಲಿ ಯಾಕೆ ಬರೆದಿಲ್ಲ?"

ಆ ಸಂಜೆ ಮುಗಿದದ್ದು ಒಂದೇ ಸಾಲು. ಖುಷಿಗೆ ನನ್ನ ಕಣ್ಣು ತುಂಬಿತ್ತು.

ಶಿಬಿರದಲ್ಲಿ ಮೇಜಿನ ಮೇಲೆ ಸೀಮೆಸುಣ್ಣ ತಿರುಗಿಸಿ ಅದನ್ನೇ ಹೇಳಿದೆ. ಭದ್ರಾವತಿಯಲ್ಲಿದ್ದೇ ಸಂಶೋಧನೆ ಮಾಡಲು ಒಪ್ಪಿಗೆ ಸಿಕ್ಕಿತು. "ಯಾರ ಹತ್ತಿರ ಕಲಿತಿರಿ?" ಎಂದು ಹಿರಿಯರೊಬ್ಬರು ಕೇಳಿದರು. "ನಮ್ಮೂರ ಮೇಷ್ಟ್ರ ಹತ್ತಿರ" ಎಂದೆ.

ಕೂತ ಮೇಲೆ ಹೊಳೆಯಿತು, ನಮ್ಮೂರು ಎಂದು ಬಾಯಿಗೆ ಬಂದದ್ದು ಧಾರವಾಡವಲ್ಲ, ಭದ್ರಾವತಿ. ಅವ್ವನಿಗೆ ಇದನ್ನು ಇನ್ನೂ ಹೇಳಿಲ್ಲ. ಪೆಟ್ಟಿಗೆಯ ಬೀಗವನ್ನೂ ತೆಗೆದಿಲ್ಲ.