ಹನ್ನೊಂದು ದಿನ ಕಾಣದೇ ಹೋದ ಗೊದಮೊಟ್ಟೆಗಳು

ಇಂಥ ಸಂಗತಿಗಳನ್ನು ಯಾರಾದರೂ ಹೇಳಿದರೆ ನಗುತ್ತಿದ್ದವಳು ನಾನು. ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಪಾಠ ಮಾಡುತ್ತೇನೆ. ಒಮ್ಮೆ ಸ್ಟಾಫ್ ರೂಮಿನಲ್ಲಿ ಸಹೋದ್ಯೋಗಿಯೊಬ್ಬರು, ಬೀಗ ಹಾಕಿದ ಕೋಣೆಯಲ್ಲಿ ದೀಪ ತಾನಾಗಿ ಹತ್ತಿಕೊಂಡಿತೆಂದು ಹೇಳಿದಾಗ, "ಎಲೆಕ್ಟ್ರಿಷಿಯನ್‌ಗೆ ತೋರಿಸಿ" ಎಂದುಬಿಟ್ಟಿದ್ದೆ. ಅವರು ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದರು. ಈಗ ಬರೆಯುತ್ತಿರುವುದನ್ನು ಅವರಿಗೆ ಇನ್ನೂ ಹೇಳಿಲ್ಲ.

ನಮ್ಮ ಮನೆ ಬಸವೇಶ್ವರನಗರದಲ್ಲಿದೆ. ಹಿತ್ತಲಿನಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ, ಒಂದು ಮಂಚದಷ್ಟು ಅಗಲದ ಸಿಮೆಂಟ್ ತೊಟ್ಟಿ ಕಟ್ಟಿಸಿ ಗಪ್ಪಿ ಮೀನು ಬಿಟ್ಟಿದ್ದೆ. ಆಳ ಮೊಣಕಾಲಿನಷ್ಟು. ನಾಲ್ಕು ವರ್ಷದ ಹಿಂದಿನ ಮುಂಗಾರಿನಲ್ಲಿ ಎಲ್ಲಿಂದಲೋ ನಾಲ್ಕೈದು ಕಪ್ಪೆಗಳು ಬಂದು ಅಲ್ಲೇ ಹೂಕುಂಡಗಳ ಸಂದಿಯಲ್ಲಿ ಉಳಿದುಕೊಂಡವು. ಒಂದು ಬೆಳಿಗ್ಗೆ ನೋಡಿದರೆ ನೀರಿನ ಮೇಲೆ ಲೋಳೆಯಂಥ ಮೊಟ್ಟೆಗಳ ರಾಶಿ. ನನಗೆ ಹಬ್ಬವಾಯಿತು. ಮೀನುಗಳು ತಿಂದುಬಿಡಬಾರದೆಂದು ತೊಟ್ಟಿಯ ನಡುವೆ ಸೊಳ್ಳೆ ಜಾಲರಿಯ ಅಡ್ಡಗೋಡೆ ಮಾಡಿ, ಒಂದು ಕಡೆ ಮೀನು, ಇನ್ನೊಂದು ಕಡೆ ಮೊಟ್ಟೆ ಎಂದು ಬೇರೆ ಮಾಡಿದೆ. ಕೆಲವೇ ದಿನದಲ್ಲಿ ಆ ಅರ್ಧ ತೊಟ್ಟಿ ಗೊದಮೊಟ್ಟೆಗಳಿಂದ ಕಪ್ಪಾಯಿತು. ಬೇಯಿಸಿದ ಪಾಲಕ್ ಸೊಪ್ಪು ಹಾಕಿದರೆ ಮುತ್ತಿಕೊಂಡು ಕೆರೆದು ತಿನ್ನುತ್ತಿದ್ದವು. ವಿಜಯನಗರದಲ್ಲಿರುವ ನನ್ನ ತಂಗಿ ಬಂದವಳು ಮಗಳಿಗೆ ತೋರಿಸುತ್ತೇನೆಂದು ಒಂದು ಬಕೆಟ್‌ನಲ್ಲಿ ಇಪ್ಪತ್ತು ಮೂವತ್ತು ಒಯ್ದಳು. ಉಳಿದವನ್ನು ದಿನಕ್ಕೊಮ್ಮೆ ಗಾಜಿನ ಲೋಟದಲ್ಲಿ ಹಿಡಿದು, ಪಕ್ಕದಲ್ಲಿ ಸ್ಕೇಲ್ ಇಟ್ಟು, ಪಾಠಕ್ಕೆಂದು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದೆ. ಅವುಗಳಲ್ಲಿ ಒಂದರ ಬಾಲ ಹುಟ್ಟಿನಿಂದಲೇ ಎಡಕ್ಕೆ ಸೊಟ್ಟ. ಗುಂಪಿನಲ್ಲಿದ್ದರೂ ಗುರುತು ಸಿಗುತ್ತಿತ್ತು.

ಪಕ್ಕದ ಮನೆಯ ಪುಟ್ಟಸ್ವಾಮಿಯವರಿಗೆ ಮಾತ್ರ ಇದು ಇಷ್ಟವಿರಲಿಲ್ಲ. ಕಾಮಾಕ್ಷಿಪಾಳ್ಯದಲ್ಲಿ ಅವರದೊಂದು ಲೇತ್ ಮಷಿನ್ ಶೆಡ್ ಇದೆ. ಅವರ ಮಲಗುವ ಕೋಣೆಯ ಕಿಟಕಿ ನಮ್ಮ ತೊಟ್ಟಿಯ ಕಡೆಗೇ ತೆರೆಯುತ್ತದೆ. "ದಿನಾ ಎಲ್ಲಾ ಮಷಿನ್ ಸದ್ದು ಕೇಳ್ಕೊಂಡು ಬರ್ತೀನಿ ಮೇಡಂ, ಮನೇಲೂ ಈ ವಟವಟ ಅಂದ್ರೆ ಹೇಗೆ?" ಎಂದು ಒಂದೆರಡು ಸಲ ಹೇಳಿದ್ದರು. ಆದರೂ ಒಳ್ಳೆಯ ಮನುಷ್ಯ. ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದಾಗ ಅವರನ್ನು ಎತ್ತಿಕೊಂಡು ಆಟೋದವರೆಗೆ ಓಡಿದ್ದು ಇದೇ ಪುಟ್ಟಸ್ವಾಮಿ. ನನ್ನ ಮಗ ಅರ್ಧ ಬೆಳೆದದ್ದು ಅವರ ಹೆಂಡತಿ ಜಯಮ್ಮನ ಅಡುಗೆಮನೆಯಲ್ಲಿ.

ಒಂದು ಮಂಗಳವಾರ ಬೆಳಿಗ್ಗೆ ಸೊಪ್ಪು ಹಿಡಿದು ಹಿತ್ತಲಿಗೆ ಹೋದೆ. ಗೊದಮೊಟ್ಟೆಗಳಿದ್ದ ಅರ್ಧ ತೊಟ್ಟಿ ಖಾಲಿ. ಒಂದೂ ಇಲ್ಲ. ಜಾಲರಿ ಹರಿದಿರಲಿಲ್ಲ. ನೀರಿನ ಮಟ್ಟ ಇಳಿದಿರಲಿಲ್ಲ. ಆಚೆ ಬದಿಯ ಮೀನುಗಳು ಆರಾಮಾಗಿ ಓಡಾಡುತ್ತಿದ್ದವು. ಹಾವೋ ಕೊಕ್ಕರೆಯೋ ಬಂದಿದ್ದರೆ ಹತ್ತಿಪ್ಪತ್ತು ತಿಂದೀತು. ಒಂದನ್ನೂ ಬಿಡದೆ ತಿನ್ನುತ್ತದೆಯೇ? ಕಾಲು ಮೂಡದ ಮರಿಗಳು ಎದ್ದು ಹೋಗುವಂತೆಯೂ ಇಲ್ಲ. ಹೂಕುಂಡ ಸರಿಸಿ ನೋಡಿದೆ, ದೊಡ್ಡ ಕಪ್ಪೆಗಳೂ ಇರಲಿಲ್ಲ. ಆ ಸಂಜೆಯಿಂದ ನಮ್ಮ ಹಿತ್ತಲು ಮೌನವಾಯಿತು.

ತಲೆ ಎತ್ತಿದಾಗ ಕಾಂಪೌಂಡಿನ ಆಚೆ, ಪುಟ್ಟಸ್ವಾಮಿಯವರ ಬಟ್ಟೆ ತಂತಿಯ ಮೇಲೆ, ಒಂದು ಹಸಿರು ನೈಲಾನ್ ಬಲೆ ಕಂಡಿತು. ಒದ್ದೆಯಾಗಿತ್ತು. ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

ನಾನು ಯೋಚಿಸಲಿಲ್ಲ. ಹೋಗಿ ಬಾಗಿಲು ಬಡಿದು, ಕಪ್ಪೆಗಳೂ ಮರಿಗಳೂ ಇಲ್ಲ, ಆ ತಂತಿಯ ಮೇಲಿನ ಬಲೆ ಯಾತಕ್ಕೆ ಎಂದು ಕೇಳಿದೆ.

"ಟೊಮೇಟೊ ಗಿಡಕ್ಕೆ ಹಾಕಿದ್ದು ಮೇಡಂ, ಅಳಿಲು ಬರ್ತವೆ ಅಂತ. ಕೊಳೆ ಆಗಿತ್ತು, ಜಯ ಒಗೆದು ಹಾಕಿದಾಳೆ" ಎಂದರು ಅವರು.

"ಇವತ್ತೇ ಒಗೀಬೇಕಿತ್ತಾ?" ಎಂದೆ. "ಬೇಡ ಅಂತ ನೇರವಾಗಿ ಹೇಳಿದ್ರೆ ನಾನೇ ಕೆರೆಗೆ ಬಿಟ್ಟು ಬರ್ತಿದ್ದೆ. ಹೀಗೆ ಕದ್ದು ಮಾಡೋದಾ?"

"ನಾನಾ? ನಿಮ್ಮ ಕಾಂಪೌಂಡ್ ಹಾರಿ ಬಂದು? ಏನ್ ಮಾತು ಆಡ್ತಾ ಇದೀರಾ ನೀವು?" ಎಂದವರು, ನಾನು ಮತ್ತೇನೋ ಹೇಳುವ ಮೊದಲೇ ಬಾಗಿಲು ಹಾಕಿಕೊಂಡರು. ಅಂದಿನಿಂದ ಎರಡೂ ಮನೆಗಳ ನಡುವೆ ಮಾತು ನಿಂತಿತು. ಜಯಮ್ಮ ತರಕಾರಿ ಗಾಡಿಯ ಹತ್ತಿರ ನನ್ನನ್ನು ಕಂಡರೆ ಕೊಳ್ಳದೆಯೇ ಒಳಗೆ ಹೋಗುತ್ತಿದ್ದರು. ನಾನೂ ಪ್ರತಿ ಬೆಳಿಗ್ಗೆ ಆ ತಂತಿಯ ಕಡೆ ಒಮ್ಮೆ ನೋಡಿಯೇ ಮುಂದಿನ ಕೆಲಸಕ್ಕೆ ಹೋಗುತ್ತಿದ್ದೆ. ಅವರು ಸ್ಕೂಟರ್ ತೆಗೆದರೆ ಡಿಕ್ಕಿಯಲ್ಲಿ ಏನಿದೆಯೋ ಎಂದು ಕಿಟಕಿಯಿಂದ ಇಣುಕುತ್ತಿದ್ದೆ. ನಾಚಿಕೆಯ ವಿಷಯ, ಆದರೆ ನಡೆದದ್ದು ಹಾಗೆಯೇ.

ಅದಾದ ಹನ್ನೊಂದನೆಯ ದಿನ ಶನಿವಾರ. ಪುಟ್ಟಸ್ವಾಮಿ ದಂಪತಿ ಹಿಂದಿನ ದಿನವೇ ಸಂಬಂಧಿಕರ ಮದುವೆಗೆಂದು ಮಂಡ್ಯಕ್ಕೆ ಹೋಗಿದ್ದರು. ಮನೆಗೆ ಬೀಗ ಬಿದ್ದಿತ್ತು. ನಾನು ಬೆಳಿಗ್ಗೆ ಶಾಲೆಗೆ ಹೊರಡುವ ಮುಂಚೆ ಮೀನಿಗೆ ಕಾಳು ಹಾಕಿದ್ದೆ. ಇನ್ನರ್ಧ ತೊಟ್ಟಿಯ ತಳದ ಪಾಚಿ ಸ್ಪಷ್ಟವಾಗಿ ಕಾಣುತ್ತಿತ್ತು. ಅರ್ಧ ದಿನದ ಶಾಲೆ ಮುಗಿಸಿ ಒಂದು ಗಂಟೆಗೆ ಬಂದು, ಒಗೆದ ಬಟ್ಟೆ ತೆಗೆಯಲು ಹಿತ್ತಲಿಗೆ ಹೋದೆ. ತೊಟ್ಟಿ ಕಪ್ಪಗಿತ್ತು.

ಎಲ್ಲವೂ ಇದ್ದವು. ಮೊದಲಿನಂತೆಯೇ ಅಂಚಿನಲ್ಲಿ ಗುಂಪುಗೂಡಿ ಬಾಲ ಅಲ್ಲಾಡಿಸುತ್ತಿದ್ದವು. ಲೋಟ ತಂದು ಹುಡುಕಿದೆ. ಸೊಟ್ಟ ಬಾಲದ್ದು ಸಿಕ್ಕಿತು. ಸ್ಕೇಲ್ ಇಟ್ಟು ಫೋಟೋ ತೆಗೆದು, ಹನ್ನೆರಡು ದಿನದ ಹಿಂದಿನ ಫೋಟೋದ ಪಕ್ಕ ಇಟ್ಟು ನೋಡಿದೆ. ಒಂದು ಕೂದಲೆಳೆಯಷ್ಟೂ ಬೆಳೆದಿರಲಿಲ್ಲ.

ತಕ್ಷಣ ತಂಗಿಗೆ ಫೋನ್ ಮಾಡಿದೆ. "ಅಕ್ಕಾ, ನಾನೇ ಹೇಳೋಣ ಅಂತಿದ್ದೆ. ಹಿಂದಿನ ಕಾಲು ಬಂದಿದೆ ಕಣೇ ಎಲ್ಲಕ್ಕೂ, ಬಾ ನೋಡು" ಎಂದಳು. ನಮ್ಮವೂ ಅವಳವೂ ಒಂದೇ ಮೊಟ್ಟೆಗಳ ರಾಶಿಯಿಂದ, ಒಂದೇ ದಿನ ಹೊರಬಂದವು.

ಸಂಜೆ ಮನೆಯವರು ಆಫೀಸಿನಿಂದ ಬಂದಾಗ ಅವರನ್ನೇ ಸಂಶಯಿಸಿದೆ. ಆಗ ಅತ್ತೆ ಊರಿಗೆ ಹೋಗಿದ್ದರು, ಮಗ ಹಾಸ್ಟೆಲಿನಲ್ಲಿದ್ದ; ಗೇಟಿನ ಬೀಗದ ಕೀ ಇನ್ನೊಂದಿದ್ದದ್ದು ಅವರ ಹತ್ತಿರ ಮಾತ್ರ. "ನನಗೇನು ಬೇರೆ ಕೆಲಸ ಇಲ್ವೇನೇ? ಹನ್ನೊಂದು ದಿನ ಗೊದಮೊಟ್ಟೆ ಎಲ್ಲಿ ಬಚ್ಚಿಡ್ಲಿ, ಆಫೀಸ್ ಡ್ರಾಯರಲ್ಲಾ?" ಎಂದು ನಕ್ಕರು. ಎದುರು ಮನೆಯವರ ಕ್ಯಾಮೆರಾ ನಮ್ಮ ಗೇಟಿನ ಕಡೆ ತಿರುಗಿದೆ. ಕೇಳಿ ನೋಡಿದೆವು. ಬೆಳಿಗ್ಗೆ ನಾವಿಬ್ಬರೂ ಒಟ್ಟಿಗೆ ಹೊರಟ ಮೇಲೆ ಒಂದು ಗಂಟೆಯವರೆಗೆ ಗೇಟನ್ನು ಯಾರೂ ಮುಟ್ಟಿರಲಿಲ್ಲ. ಹಿತ್ತಲಿಗೆ ಉಳಿದ ದಾರಿ ಪುಟ್ಟಸ್ವಾಮಿಯವರ ಕಾಂಪೌಂಡ್ ಒಂದೇ, ಮತ್ತು ಅವರು ಮಂಡ್ಯದಲ್ಲಿದ್ದರು. ತಣ್ಣೀರಿನಲ್ಲಿಟ್ಟರೆ ಗೊದಮೊಟ್ಟೆಗಳ ಬೆಳವಣಿಗೆ ನಿಧಾನವಾಗುತ್ತದೆಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ನಿಧಾನವಾಗುತ್ತದೆ, ನಿಜ, ಆದರೆ ಪೂರ್ತಿ ನಿಂತುಹೋಗುವಷ್ಟು ತಣ್ಣಗೆ ಇಟ್ಟಿದ್ದರೆ ಅವು ಬದುಕಿ ಉಳಿದು ಬಂದು ಹೀಗೆ ಬಾಲ ಅಲ್ಲಾಡಿಸುತ್ತಿದ್ದವೇ?

ಸೋಮವಾರ ಪುಟ್ಟಸ್ವಾಮಿ ದಂಪತಿ ಹಿಂತಿರುಗಿದರು. ಒಂದು ಡಬ್ಬಿಯಲ್ಲಿ ರವೆ ಉಂಡೆ ಹಾಕಿಕೊಂಡು ಹೋಗಿ, ತಪ್ಪಾಯಿತು ಎಂದೆ. ಗೊದಮೊಟ್ಟೆಗಳು ಮರಳಿ ಬಂದದ್ದನ್ನೂ ಹೇಳಿದೆ. ಪುಟ್ಟಸ್ವಾಮಿ ಡಬ್ಬಿ ತೆಗೆದುಕೊಳ್ಳಲಿಲ್ಲ.

"ಮೇಡಂ, ಒಂದು ಮಾತು ಕೇಳ್ತೀನಿ, ನಿಜ ಹೇಳಿ. ನನ್ನ ಮೇಲೆ ನಿಮಗೆ ಏನು ಸಿಟ್ಟು?"

"ಯಾಕಣ್ಣ ಹಾಗಂತೀರಾ?"

"ಮತ್ತೆ? ಕಪ್ಪೆ ಇಲ್ಲ, ಮರಿ ಇಲ್ಲ ಅಂತ ಬಂದು ಕೂಗಾಡಿದ್ರಿ. ಆವತ್ತು ಸಾಯಂಕಾಲಾನೂ ಕೂಗ್ತಿದ್ವು. ನಾವು ಊರಿಗೆ ಹೋಗೋವರೆಗೂ ಒಂದು ದಿನಾನೂ ಬಿಟ್ಟಿಲ್ಲ. ನಿಮ್ಮ ತೊಟ್ಟಿ ಕಡೆಯಿಂದಾನೇ."

ನಾನು ಜಯಮ್ಮನ ಕಡೆ ನೋಡಿದೆ. ಆಕೆ ಸುಳ್ಳು ಹೇಳುವ ಹೆಂಗಸಲ್ಲ. "ಹೌದು ಟೀಚರಮ್ಮ. ಕಿಟಕಿ ಹಾಕ್ಕೊಂಡೇ ಮಲಗ್ತಿದ್ವಿ. ಇಷ್ಟು ಕೂಗ್ತಾ ಇದ್ರೂ ಇಲ್ಲ ಅಂತ ಯಾಕೆ ಹೇಳ್ತಾರೆ, ನಮ್ಮ ಮೇಲೆ ಯಾಕೆ ಹಾಕ್ತಾರೆ ಅಂತ ಇವರು ಸರಿಯಾಗಿ ಊಟಾನೂ ಮಾಡಿಲ್ಲ" ಎಂದರು.

ಆ ಹನ್ನೊಂದು ದಿನವೂ ನಾನು ಸಂಜೆ ಹಿತ್ತಲ ಮೆಟ್ಟಿಲ ಮೇಲೆ ಕುಳಿತು ಉತ್ತರ ಪತ್ರಿಕೆ ತಿದ್ದಿದ್ದೇನೆ. ಒಂದು ಕಪ್ಪೆಯ ದನಿಯೂ ಕೇಳಿಲ್ಲ. ಮನೆಯವರಿಗೂ ಕೇಳಿಲ್ಲ.

ಗೊದಮೊಟ್ಟೆಗಳು ಆಮೇಲೆ ಎಲ್ಲವುಗಳಂತೆ ಕಾಲು ಪಡೆದು, ಬಾಲ ಕಳೆದುಕೊಂಡು, ಒಂದೊಂದಾಗಿ ಹೊರಟುಹೋದವು; ದೊಡ್ಡ ಕಪ್ಪೆಗಳು ಮಾತ್ರ ಮತ್ತೆ ಬರಲೇ ಇಲ್ಲ. ಪುಟ್ಟಸ್ವಾಮಿಯವರ ಜೊತೆ ಮಾತು ಮತ್ತೆ ಶುರುವಾಗಿದೆ. ಹಬ್ಬಕ್ಕೆ ಒಬ್ಬಟ್ಟು ಆಕಡೆ ಈಕಡೆ ಹೋಗಿ ಬರುತ್ತದೆ. ಆದರೆ ಆ ವಿಷಯ ಯಾರೂ ಎತ್ತುವುದಿಲ್ಲ. ಅವರು ಸುಳ್ಳು ಹೇಳಿದರೆಂದು ಕೆಲವು ದಿನ ಅನ್ನಿಸುತ್ತದೆ. ಕೆಲವು ದಿನ, ಅವರಿಗೆ ಕೇಳಿದ್ದು ನಮಗೇಕೆ ಕೇಳಲಿಲ್ಲ ಎಂದು ಮೆಟ್ಟಿಲ ಮೇಲೆ ಕುಳಿತು ಕಿವಿಗೊಡುತ್ತೇನೆ. ಮೊನ್ನೆ ಸಂಜೆ ಹಾಗೆ ಕುಳಿತಿದ್ದಾಗ ಕಾಂಪೌಂಡಿನ ಆಚೆ ಏನೋ ಅಲುಗಾಡಿದಂತಾಯಿತು. ನೋಡಿದರೆ ಪುಟ್ಟಸ್ವಾಮಿ. ಅವರೂ ನಮ್ಮ ತೊಟ್ಟಿಯ ಕಡೆ ಮುಖ ಮಾಡಿ, ಸುಮ್ಮನೆ ಕೇಳಿಸಿಕೊಳ್ಳುತ್ತಾ ನಿಂತಿದ್ದರು.