ಮೈಲಾರಕ್ಕ ತನ್ನನ್ನು ತಾನೇ ಸಿಂಗರಿಸಿಕೊಂಡ ದಿನ

ಇಪ್ಪತ್ತಾರು ವರ್ಷಗಳಿಂದ ನಮ್ಮ ಊರಿನಲ್ಲಿ ಮದುಮಗಳಾದವರೆಲ್ಲ ಮೈಲಾರಕ್ಕನ ಕೈಗೆ ಗದ್ದ ಕೊಟ್ಟು ಕೂತವರೇ. ನಾನೂ ಕೂತವಳೇ. ನನ್ನ ಮೂಗು ಸ್ವಲ್ಪ ದಪ್ಪ, ಅದನ್ನು ನನ್ನ ಹೆತ್ತವ್ವನೂ ಅಲ್ಲಗಳೆಯುವುದಿಲ್ಲ. ಆದರೆ ಲಗ್ನದ ಫೋಟೋದಲ್ಲಿ ಅದು ದಪ್ಪ ಕಾಣುವುದಿಲ್ಲ. ಹದಿನೆಂಟು ವರ್ಷವಾಯಿತು, ಗಂಡನ ಜೊತೆ ಜಗಳವಾದಾಗಲೆಲ್ಲ ಆ ಫೋಟೋ ತೋರಿಸಿ, "ಇಂಥಾಕಿನ್ನ ಕಟಗೊಂಡ ಬಂದೀರಿ, ನೆಪ್ಪಿರ್ಲಿ" ಎನ್ನುತ್ತೇನೆ. ಆತ ಸುಮ್ಮನಾಗುತ್ತಾನೆ. ಹಾಗಾಗಿ ನನ್ನ ಸಂಸಾರದಲ್ಲೂ ಮೈಲಾರಕ್ಕನ ಕೈವಾಡ ಇದೆ ಅನ್ನಿ.

ಅವಳ ಮನೆಗೂ ನನ್ನ ಮನೆಗೂ ನಡುವೆ ಇರುವುದು ಒಂದೇ ಗೋಡೆ. ನಾನು ಹೊಲಿಗೆ ಮಶೀನು ಇಟ್ಟುಕೊಂಡವಳು, ಅವಳು ಹೊಲದ ಕೆಲಸಕ್ಕೆ ಹೋಗುವವಳು. ಚಳಿಗಾಲದಲ್ಲಿ ಮೆಣಸಿನಕಾಯಿ ಬಿಡಿಸುವುದು, ತೊಟ್ಟು ಮುರಿಯುವುದು, ಬೇಸಿಗೆಯಲ್ಲಿ ಮದುವೆಗಳು. ಬಳೆಗಾರ್ತಿ ರಾಜಮಾಬಿ ತನಗೆ ವಯಸ್ಸಾದಾಗ ಒಂದು ಹಳೆಯ ತಗಡಿನ ಪೆಟ್ಟಿಗೆಯನ್ನು ಇಪ್ಪತ್ತು ವರ್ಷದ ಮೈಲಾರಕ್ಕನಿಗೆ ಕೊಟ್ಟಿದ್ದಳಂತೆ. ಅದರಲ್ಲಿ ಪೌಡರು, ಕಾಡಿಗೆ, ಪಿನ್ನು, ಅಂಗೈಯಗಲದ ಒಂದು ಕನ್ನಡಿ. ಅಲ್ಲಿಂದ ಶುರುವಾಯಿತು.

ಅವಳ ಕೆಲಸಕ್ಕೆ ನೇಮಗಳಿದ್ದವು. ಮದುವೆಗೆ ಮೂರು ದಿನ ಮುಂಚೆಯಿಂದ ಮೆಣಸಿನಕಾಯಿ ಮುಟ್ಟುವುದಿಲ್ಲ. ಆ ಕೈಯಲ್ಲಿ ಕಾಡಿಗೆ ಹಚ್ಚಿದರೆ ಮದುಮಗಳ ಕಣ್ಣಿನ ಗತಿ ಏನು? ಅರಿಷಿಣ ಹಚ್ಚಿದ ಮಾರನೆಯ ದಿನ ಕಡಲೆಹಿಟ್ಟು, ಮೊಸರಿನಿಂದ ಮುಖ ತೊಳೆಸದೆ ಪೌಡರು ತೆಗೆಯುವುದಿಲ್ಲ. ಇಲ್ಲವಾದರೆ ಮುಖ ಬೂದಿ ಬೂದಿ ಕಾಣುತ್ತದೆ. ಬೀರಪ್ಪನ ಗುಡಿಯಲ್ಲಿ ಲಗ್ನವಿದ್ದರೆ ಹಣೆಗೆ ಕ್ರೀಮು ಹಚ್ಚುವುದಿಲ್ಲ. ಪೂಜಾರಿ ಭಂಡಾರದ ಅರಿಷಿಣಪುಡಿ ಹಚ್ಚಿದಾಗ ಅದು ಕ್ರೀಮಿಗೆ ಮೆತ್ತಿಕೊಂಡು ರಾಡಿಯಾಗುತ್ತದೆ. ಇನ್ನು ಹುಡುಗಿ ಹೆದರಿಕೊಂಡಿದ್ದರೆ, ಹೆದರದ ಮದುಮಗಳು ಎಲ್ಲಿದ್ದಾಳೆ, ಅವಳ ಗದ್ದ ಹಿಡಿದು ಒಂದೇ ಮಾತು: "ಗದ್ದ ಎತ್ತ ತಂಗಿ. ಉಸರ ಬಿಡು. ನಾ ಅದೀನಲ್ಲ." ನನಗೂ ಅದನ್ನೇ ಹೇಳಿದ್ದಳು. ಉಸಿರು ಬಿಟ್ಟೆ, ಅಳು ನಿಂತಿತು.

ಇನ್ನೊಂದು ನೇಮ ಇತ್ತು. ಅದು ನನಗೆ ಯಾವತ್ತೂ ಸೇರಿದ್ದಿಲ್ಲ. ಸಿಂಗಾರ ಮುಗಿಯಿತೆಂದರೆ, "ಆತು ತಂಗಿ, ಇನ್ನ ನೀ ಹೋಗು" ಎಂದು ಹುಡುಗಿಯ ಬೆನ್ನು ತಟ್ಟಿ, ಪೆಟ್ಟಿಗೆ ಮುಚ್ಚಿ, ಹಿಂದಿನ ಬಾಗಿಲಿನಿಂದ ಅಡುಗೆಯವರ ಕಡೆ ಹೋಗಿ, ಒಂದು ಡಬ್ಬಿ ಊಟ ಹಾಕಿಸಿಕೊಂಡು ಬಸ್ಸಿಗೆ ನಡೆದುಬಿಡುವಳು. ಎಷ್ಟೋ ವರ್ಷಗಳಿಂದ ತಾನು ಸಿಂಗರಿಸಿದ ಒಬ್ಬ ಮದುಮಗಳ ಮೇಲೂ ಅಕ್ಷತೆಯ ಅಕ್ಕಿಕಾಳು ಬೀಳುವುದನ್ನು ಅವಳು ನೋಡಿರಲಿಲ್ಲ. ಮೊದಮೊದಲು ನಿಲ್ಲುತ್ತಿದ್ದಳಂತೆ. ಆದರೆ ಮದುಮಗಳ ಬಾಜೂಕ್ಕೆ ಮದುವೆಯಾಗದ ದೊಡ್ಡ ಹುಡುಗಿ ನಿಂತರೆ ನಮ್ಮ ಕಡೆಯ ಹೆಂಗಸರ ನಾಲಿಗೆ ಸುಮ್ಮನಿರುತ್ತದೆಯೇ? "ನಿಂದ ಯಾವಾಗವಾ?" ಒಬ್ಬಳು ಕೇಳಿದರೆ ಹತ್ತು ಮಂದಿ ಕೇಳುವರು. ನಾನೂ ಒಮ್ಮೆ ಕೇಳಿದ್ದೇನೆ, ನಾಚಿಕೆಯಾಗುತ್ತದೆ. ಆ ಪ್ರಶ್ನೆಗೆ ಅವಳು ಕಂಡುಕೊಂಡ ಉತ್ತರ ಹಿಂದಿನ ಬಾಗಿಲು.

ಅವಳ ಮದುವೆ ಯಾಕೆ ಆಗಲಿಲ್ಲ ಎಂದು ಕೇಳಿದರೆ ದೊಡ್ಡ ಕಥೆಯೇನಿಲ್ಲ. ಮೊದಲು ಅಪ್ಪನ ಜಡ್ಡು, ಆಮೇಲೆ ತಮ್ಮ ಉಡಚಪ್ಪನ ಮದುವೆ, ಅವನ ಹೆಂಡತಿಯ ಬಾಣಂತನ. ಯಾರೂ ಬೇಡ ಎನ್ನಲಿಲ್ಲ, ದಿನಗಳು ಹೋದವು. ಅವಳಿಗೆ ನಲವತ್ತಾರಾಯಿತು.

ಎರಡು ವರ್ಷದ ಹಿಂದೆ ಗುಡಗೇರಿಯ ಹಿಟ್ಟಿನ ಗಿರಣಿಯ ಶಿದ್ಲಿಂಗಪ್ಪನ ಮಗಳು ಸುನೀತಾಳ ಮದುವೆಗೆ ಮೈಲಾರಕ್ಕ ಹೋಗಿದ್ದಳು. ಶಿದ್ಲಿಂಗಪ್ಪ ಹೆಂಡತಿ ತೀರಿಕೊಂಡ ಮನುಷ್ಯ, ಐವತ್ತೆರಡು ವಯಸ್ಸು. ಸ್ನಾನ ಮಾಡಿ ಹೊಸ ಧೋತರ ಉಟ್ಟರೂ ಅವನ ಹುಬ್ಬಿನಲ್ಲಿ ಒಂಚೂರು ಹಿಟ್ಟು ಉಳಿದಿರುತ್ತದೆ. ಮಗಳ ಮದುವೆಯ ಗದ್ದಲದಲ್ಲೂ ಪೆಟ್ಟಿಗೆ ಹಿಡಿದು ಹಿಂದಿನಿಂದ ಹೋಗುತ್ತಿದ್ದವಳನ್ನು ಅವನು ಕಂಡ.

"ಅಕ್ಕಿಕಾಳಿಗೆ ಇನ್ನ ಹತ್ತ ಮಿನಿಟ ಐತ್ರಿ. ಎಲ್ಲಿ ಹೊಂಟ್ರಿ?"

"ಬಸ್ಸ ಐತ್ರಿ."

"ನಿಮ್ಮೂರ ಬಸ್ಸ ಎರಡಕ್ಕ ಐತಲ್ರಿ."

ಅವಳು ಪೆಟ್ಟಿಗೆಯನ್ನು ಬಗಲಿಗೆ ಏರಿಸಿಕೊಂಡಳು. ಹೋಗಿಬಿಟ್ಟಳು. ಅಲ್ಲಿಂದ ಮುಂದೆ ಪ್ರತಿ ಸಂತೆಯ ದಿನ ಜೋಳ ಬೀಸಿಸಲು ಅವಳು ಗಿರಣಿಗೆ ಹೋದಾಗ, ಆ ಗಿರಣಿಯ ಸದ್ದಿನಲ್ಲೂ ಅವನದು ಒಂದೇ ಪ್ರಶ್ನೆ: "ಅವತ್ತ ಬಸ್ಸ ಸಿಕ್ತೇನ್ರಿ?" ಮೊದಲು ಸಿಟ್ಟು ಬಂತಂತೆ. ಆಮೇಲೆ ನಗು ಬಂತಂತೆ. ಆಮೇಲೆ ನಮ್ಮ ಊರಿನಲ್ಲೇ ಒಂದು ಗಿರಣಿ ಇರುವಾಗ ಇವಳು ಐದು ಸೇರು ಜೋಳ ಹೊತ್ತುಕೊಂಡು ಗುಡಗೇರಿಗೆ ಯಾಕೆ ಹೋಗುತ್ತಾಳೆ ಎಂದು ನನಗೆ ಸಂಶಯ ಬಂತು.

ಕೊನೆಗೆ ಆ ಮಗಳು ಸುನೀತಾಳೇ ಉಡಚಪ್ಪನ ಮನೆಗೆ ಬಂದು, "ನಮ್ಮ ಅಪ್ಪಗ ನಿಮ್ಮ ಅಕ್ಕನ್ನ ಕೊಡ್ತೀರೇನ್ರಿ ಕಾಕಾ?" ಎಂದು ನೇರ ಕೇಳಿಬಿಟ್ಟಳು. ಉಡಚಪ್ಪ ಕುಡಿಯುತ್ತಿದ್ದ ಚಹಾ ಮೂಗಿಗೆ ಏರಿತು. ಮೈಲಾರಕ್ಕ ನಕ್ಕಳು, ಕೆಮ್ಮು ಬರುವಷ್ಟು ನಕ್ಕಳು, ಎಂಟು ದಿನ ಏನೂ ಹೇಳಲಿಲ್ಲ. ಒಂಬತ್ತನೆಯ ದಿನ ಗಿರಣಿಗೆ ಹೋಗಿ, ಎಲ್ಲರೆದುರು ಸೆರಗಿನ ತುದಿಯಿಂದ ಅವನ ಹುಬ್ಬಿನ ಹಿಟ್ಟು ಒರೆಸಿ ಬಂದಳಂತೆ. ಅದೇ ಒಪ್ಪಿಗೆ.

ಮದುವೆ ಸಣ್ಣದು. ಊರ ಬೀರಪ್ಪನ ಗುಡಿಯಲ್ಲಿ, ಶಿವರಾತ್ರಿ ಕಳೆದ ಮೇಲೆ, ನಲವತ್ತು ಮಂದಿ. ಹುಬ್ಬಳ್ಳಿಯಿಂದ ಪಾರ್ಲರಿನ ಹುಡುಗಿಯನ್ನು ಕರೆಸೋಣ ಎಂದೆ. ಇಷ್ಟು ಜನರ ಮುಖ ತಿದ್ದಿದವಳು ಒಂದು ದಿನ ಆರಾಮಾಗಿ ಕೂರಲಿ ಎಂಬ ಪ್ರೀತಿಯಿಂದಲೇ ಹೇಳಿದ್ದು.

"ಬ್ಯಾಡ ಬಿಡ ನಂದಾ. ಊರಮಂದಿ ಮಾರಿ ನನ್ನ ಕೈಯಾಗ ಕೆಟ್ಟಿಲ್ಲ. ನನ್ನ ಮಾರಿನೂ ನನ್ನ ಕೈಯಾಗ ಇರಲಿ" ಎಂದಳು.

"ಎದುರಿಗೆ ಕುಂದ್ರಿಸಿ ಹಚ್ಚೂದು ಬ್ಯಾರೆ, ಕನ್ನಡ್ಯಾಗ ನೋಡ್ಕೋತ ಹಚಗೊಳ್ಳೂದು ಬ್ಯಾರೆ ಬೇ ಅಕ್ಕಾ."

"ಕನ್ನಡ್ಯಾಗಿನಾಕಿ ಎದುರಿಗೆ ಕುಂತಾಳಂತ ತಿಳಕೋತೀನಿ."

ಹಟಮಾರಿ. ನನಗೆ ಸಿಟ್ಟು ಬಂತು, ಬಿಟ್ಟೆ.

ಹಿಂದಿನ ದಿನ ಶಿದ್ಲಿಂಗಪ್ಪನ ಫೋನು ಬಂತು. "ನಂದಕ್ಕಾರ, ನಾಳೆ ಅಕ್ಕಿಕಾಳಿನ ಹೊತ್ತಿಗೆ ಹಿಂದಿನ ಬಾಗಲದಾಗ ಯಾರರ ಒಬ್ರು ನಿಂತಿರ್ರಿ" ಎಂದ. ನಾನು ನಕ್ಕುಬಿಟ್ಟೆ. "ನಲವತ್ತಾರರಾಗ ಓಡಿ ಹೋಗ್ತಾಳೇನ್ರಿ?" ಎಂದೆ. "ಓಡಿ ಹೋಗ್ತಾರಂತ ಅಲ್ರಿ. ರೂಢಿ ಐತಿ ಅವರಿಗೆ" ಎಂದು ಫೋನಿಟ್ಟ. ಎಂಥ ವಿಚಿತ್ರ ಮನುಷ್ಯನಪ್ಪ ಎಂದುಕೊಂಡು ನಾನು ಅವಳ ಕುಪ್ಪಸಕ್ಕೆ ಹುಕ್ಕು ಹಚ್ಚುತ್ತ ಕೂತೆ. ಆ ಮಾತು ಮರೆತೂ ಹೋಯಿತು.

ಮದುವೆಯ ದಿನ ಬೆಳಗ್ಗೆ ಗುಡಿಯ ಬಾಜೂದ ಕೋಣೆಯಲ್ಲಿ ಅವಳು ಪೆಟ್ಟಿಗೆ ತೆರೆದಳು. ಹಸಿರು ಇಳಕಲ್ ಸೀರೆ ಉಟ್ಟಿದ್ದಳು. ಮುಖ ಕಡಲೆಹಿಟ್ಟಿನಲ್ಲಿ ತೊಳೆದದ್ದಾಗಿತ್ತು. ನಾನು ನನ್ನ ಮನೆಯ ದೊಡ್ಡ ಕನ್ನಡಿ ತಂದು ಗೋಡೆಗೆ ಆನಿಸಿದೆ. ಅವಳು ಅದರ ಮುಂದೆ ಕೂತು, ಒಳಗಿನವಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಶುರುವಾಯಿತು ಮಾತು.

"ಗದ್ದ ಎತ್ತ ತಂಗಿ. ಹಾಂ. ಬಿಸಲಾಗ ಅಡ್ಡಾಡಿ ಮಾರಿ ಏನ ಮಾಡ್ಕೊಂಡೀದಿ ನೋಡು. ಇರ್ಲಿ, ಚಂದನೇ ಅದಿ."

ನನಗೆ ನಗು ಬಂತು, ಬಾಯಿಗೆ ಸೆರಗು ಒತ್ತಿಕೊಂಡೆ. ಪೌಡರು ತೆಳುವಾಗಿ, ಹಣೆ ಬಿಟ್ಟು. ಹುಬ್ಬಿನ ನಡುವೆ ಕುಂಕುಮ ಇಡುವಾಗ ಕೈ ಎಡಕ್ಕೆ ಹೋಯಿತು, ಒರೆಸಿದಳು. ಬಲಕ್ಕೆ ಹೋಯಿತು, ಒರೆಸಿದಳು. ನಾನು ಮುಂದೆ ಬಂದರೆ ಕೈ ತೋರಿಸಿ ನಿಲ್ಲಿಸಿದಳು. ಕೊನೆಗೆ ಕಣ್ಣು ಮುಚ್ಚಿ, ಎಡಗೈ ಬೆರಳಿನಿಂದ ಮೂಗಿನ ನೇರ ಹಿಡಿದು ಇಟ್ಟಳು. ಸರಿಯಾಗಿ ನಡುವೆ ಕೂತಿತು.

ಆಮೇಲೆ ಬೆರಳಿನಿಂದ ಕಾಡಿಗೆ ತೆಗೆದು ಕಣ್ಣಿಗೆ ಹಚ್ಚಿದಳು.

"ಯವ್ವಾ ಸತ್ತನಿ!"

ಪೆಟ್ಟಿಗೆ ಒಂದು ಕಡೆ, ಅವಳು ಒಂದು ಕಡೆ. ಎರಡೂ ಕಣ್ಣಿನಿಂದ ನೀರು, ಕಾಡಿಗೆ ಗಲ್ಲದ ತನಕ ಇಳಿಯಿತು. ನನಗೆ ಮೊದಲು ತಿಳಿಯಲಿಲ್ಲ, ಆಮೇಲೆ ತಿಳಿಯಿತು. ಹಿಂದಿನ ಸಂಜೆ ಅಡುಗೆಗೆಂದು ತಂದ ಮೂರು ಕಿಲೋ ಮೆಣಸಿನಕಾಯಿಯ ತೊಟ್ಟನ್ನು ಈ ಮಹಾತಾಯಿ ತಾನೇ ಕೂತು ಮುರಿದಿದ್ದಳು!

"ಮೂರ ದಿನ ಮುಟ್ಟೂದಿಲ್ಲಂತ ನಿನ್ನ ನೇಮ ಅಲ್ಲೇನ ಬೇ?" ಎಂದು ನಾನು ಒದರಿದೆ.

"ಅದು ಮದುಮಗಳ ಇದ್ದಾಗ!" ಎಂದು ಅವಳೂ ಒದರಿದಳು. ಹೇಳಿದ ಮೇಲೆ ತಾನು ಹೇಳಿದ್ದು ಅವಳಿಗೇ ಕೇಳಿಸಿತು. ಆಮೇಲೆ ನಕ್ಕೆವು ನೋಡಿ, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಅಳುತ್ತಾ ನಗುತ್ತಿದ್ದಳು, ನಾನು ಬರೀ ನಗುತ್ತಿದ್ದೆ.

ಹಾಲಿನಲ್ಲಿ ಅರಿವೆ ಅದ್ದಿ ಕಣ್ಣಿನ ಮೇಲೆ ಇಟ್ಟೆ. ಮತ್ತೆ ಮುಖ ತೊಳೆದು, ಮತ್ತೆ ಮೊದಲಿನಿಂದ. ಈ ಸಲ ಬೆಂಕಿಕಡ್ಡಿಯ ಹಿಂದಿನ ತುದಿಯಿಂದ ಕಾಡಿಗೆ. "ಉಸರ ಬಿಡು ತಂಗಿ, ನಾ ಅದೀನಲ್ಲ" ಎಂದು ಕನ್ನಡಿಗೆ ಹೇಳಿಕೊಳ್ಳುತ್ತ, ತುಟಿಗೆ ತೆಳುವಾಗಿ ಕೆಂಪು ಹಚ್ಚಿದಳು. ಕಣ್ಣು ಇನ್ನೂ ಸ್ವಲ್ಪ ಕೆಂಪಗಿತ್ತು, ಅದು ಅವಳಿಗೆ ಇನ್ನಷ್ಟು ಕಳೆ ಕೊಟ್ಟಿತ್ತು. ಇಷ್ಟು ವರ್ಷ ಈ ಮುಖ ನನ್ನ ಗೋಡೆಯ ಆಚೆ ಇತ್ತು, ಇಷ್ಟು ಚಂದ ಇದೆ ಎಂದು ನಾನು ನೋಡಿಯೇ ಇರಲಿಲ್ಲ. ಹಾಗೆಂದು ಹೇಳಿದೆ. "ಸಾಕ ಮಾಡು, ಬಾಸಿಂಗ ತುಗೊಂಡ ಬಾ" ಎಂದಳು.

ನಾನು ಬಾಸಿಂಗ ತರಲು ಗುಡಿಯೊಳಗೆ ಹೋದೆ. ಪೂಜಾರಿ ಭಂಡಾರದ ತಟ್ಟೆ ಹಿಡಿದು ನಿಂತಿದ್ದ. ಶಿದ್ಲಿಂಗಪ್ಪ ಮಣೆಯ ಮೇಲೆ ನಿಂತು ಬಾಗಿಲ ಕಡೆಯೇ ನೋಡುತ್ತಿದ್ದ. ತಿರುಗಿ ಕೋಣೆಗೆ ಬಂದರೆ ಮದುಮಗಳು ಇಲ್ಲ. ಪೆಟ್ಟಿಗೆಯೂ ಇಲ್ಲ. ಹಿಂದಿನ ಬಾಗಿಲು ತೆರೆದಿತ್ತು.

ಆಗ ನೆನಪಾಯಿತು ಆ ಫೋನು. ಬಾಸಿಂಗ ಹಿಡಿದುಕೊಂಡೇ ಓಡಿದೆ.

ಹಿಂದೆ ಒಲೆಯ ಹತ್ತಿರ ಅಡುಗೆಯ ಹನಮವ್ವ ಸೌಟು ಹಿಡಿದು ಬಾಯಿ ತೆರೆದು ನಿಂತಿದ್ದಳು. ಅವಳ ಎದುರು ನಮ್ಮ ಮದುಮಗಳು, ಹಸಿರು ಸೀರೆ, ಕೈತುಂಬ ಹಸಿರು ಬಳೆ, ಬಗಲಲ್ಲಿ ತಗಡಿನ ಪೆಟ್ಟಿಗೆ. "ಲಗೂನ ಒಂದ ಡಬ್ಬಿ ಹುಗ್ಗಿ ಹಾಕವಾ ಹನಮವ್ವಾ, ಬಸ್ಸಿಗೆ ಹೊತ್ತಾತು" ಎನ್ನುತ್ತಿದ್ದಳು. ನಂಬುವವರು ನಂಬಲಿ, ಬಿಡುವವರು ಬಿಡಲಿ, ನಾನು ಕಣ್ಣಾರೆ ಕಂಡದ್ದು.

"ಅಕ್ಕಾ" ಎಂದೆ. "ಎಲ್ಲಿ ಹೊಂಟೀ ಬೇ?"

ಅವಳು ನನ್ನನ್ನು ನೋಡಿದಳು, ಬಾಸಿಂಗ ನೋಡಿದಳು, ತನ್ನ ಬಳೆ ನೋಡಿಕೊಂಡಳು. ಪೆಟ್ಟಿಗೆ ನೆಲಕ್ಕಿಟ್ಟು ಅಲ್ಲೇ ಅಕ್ಕಿ ಚೀಲದ ಮೇಲೆ ಕೂತುಬಿಟ್ಟಳು. ನಗುತ್ತಾಳೆ ಅಂದುಕೊಂಡೆ, ನಗಲಿಲ್ಲ.

"ನಂದಾ, ಅಲ್ಲಿ ನಿಂದ್ರಾಕ ನನಗ ಬರೂದಿಲ್ಲವಾ" ಎಂದಳು. "ಇಲ್ಲೀತನಕ ಗೊತ್ತೈತಿ. ಮುಂದ ಏನ ಮಾಡಬೇಕಂತ ಗೊತ್ತಿಲ್ಲ."

ನನ್ನ ನಾಲಿಗೆ ಎಲ್ಲದಕ್ಕೂ ಓಡುವಂಥದ್ದು. ಅವತ್ತು ಅದಕ್ಕೆ ಸಿಕ್ಕದ್ದು ಅವಳೇ ಕಲಿಸಿದ ಒಂದು ಮಾತು. ಅವಳ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಗದ್ದ ಹಿಡಿದೆ.

"ಗದ್ದ ಎತ್ತಕ್ಕಾ. ಉಸರ ಬಿಡು. ನಾ ಅದೀನಲ್ಲ."

ಉಸಿರು ಬಿಟ್ಟಳು. ಬಾಸಿಂಗ ಕಟ್ಟಿದೆ. ಪೆಟ್ಟಿಗೆಯನ್ನು ಹನಮವ್ವನ ಒಲೆಯ ಬಾಜೂಕ್ಕೆ ಬಿಟ್ಟು, ಕೈ ಹಿಡಿದು ಮುಂದಿನ ಬಾಗಿಲಿನಿಂದ ಕರೆದುಕೊಂಡು ಬಂದೆ.

ಮಣೆಯ ಮೇಲೆ ನಿಲ್ಲಿಸಿದರು. ಪೂಜಾರಿ ಭಂಡಾರ ಹಚ್ಚಿದ. ಹಣೆ ಸ್ವಚ್ಛವಾಗಿ ಹಳದಿಯಾಯಿತು, ಎಲ್ಲೂ ರಾಡಿಯಾಗಲಿಲ್ಲ. ನಡುವೆ ಅಂತರಪಟ ಹಿಡಿದರು. ನಲವತ್ತು ಮಂದಿ ಅಕ್ಕಿಕಾಳು ಹಿಡಿದು ನಿಂತರು. ಮಂತ್ರ ಶುರುವಾಗುವ ಮುಂಚೆ, ಆ ಬಟ್ಟೆಯ ಆಚೆಯಿಂದ ಶಿದ್ಲಿಂಗಪ್ಪನ ದನಿ ಮೆತ್ತಗೆ ಬಂತು.

"ಬಸ್ಸ ಎಷ್ಟಕ್ಕ ಐತ್ರಿ?"

ಮೈಲಾರಕ್ಕನಿಗೆ ನಗು ಬಂತು.

"ಇವತ್ತ ಬಸ್ಸಿಲ್ರಿ" ಎಂದಳು.

ಮಂತ್ರ ಮುಗಿಯಿತು, ಅಂತರಪಟ ಸರಿಯಿತು, ಅಕ್ಕಿಕಾಳು ಬಿದ್ದವು. ನಮ್ಮ ಕಡೆ ಆ ಹೊತ್ತಿನಲ್ಲಿ ಮದುಮಗಳು ತಲೆ ತಗ್ಗಿಸಿ ನಿಲ್ಲಬೇಕು. ಯಾರೋ ಮುದುಕಿ, "ತಲಿ ಬಗ್ಗಸವಾ" ಎಂದಳು. ಮೈಲಾರಕ್ಕ ಬಗ್ಗಿಸಲಿಲ್ಲ. ಕೆಂಪಾದ ಕಣ್ಣು ಅಗಲ ಮಾಡಿ, ಗದ್ದ ಎತ್ತಿ, ಮೇಲಿನಿಂದ ಬೀಳುತ್ತಿದ್ದ ಅಕ್ಕಿಯನ್ನು ಕೊನೆಯ ಕಾಳು ಬೀಳುವ ತನಕ ನೋಡಿದಳು.